ಎಡಗೈಯ ಹಾಜರಿ

ಕೊಪ್ಪಳದ ಬೀಜದ ಕಂಪನಿಯವರು ನನಗೆ ಕೆಲಸ ಕೊಡುತ್ತೇವೆ ಅಂದದ್ದು ಆಗಸ್ಟ್ ತಿಂಗಳ ಮೊದಲ ವಾರ. ಕೊಡುವುದಿಲ್ಲ ಅಂತ ಅವರು ಯಾವತ್ತೂ ಅನ್ನಲಿಲ್ಲ. ತಿಂಗಳ ಕೊನೆಗೆ ಫೋನ್ ಮಾಡಿ ನಿಮ್ಮ ವೆರಿಫಿಕೇಶನ್ ನಿಂತಿದೆ ಅಂದರು, ಅಷ್ಟೆ. ಯಾಕೆ ನಿಂತಿದೆ ಎಂದು ಕೇಳಿದರೆ ಫೋನ್ ಮಾಡಿದ ಹುಡುಗಿಗೆ ಗೊತ್ತಿಲ್ಲ, ಅವಳ ಮೇಲಿನವರಿಗೂ ಗೊತ್ತಿಲ್ಲ. ಗೊತ್ತಿರುವುದು ಹೈದರಾಬಾದಿನ ನಿಖರ ಎಂಬ ಸಂಸ್ಥೆಗೆ. ಕೆಲಸಕ್ಕೆ ಬರುವವರಲ್ಲಿ, ಸಾಲ ಕೇಳುವವರಲ್ಲಿ, ವಿಮೆ ಮಾಡಿಸುವವರಲ್ಲಿ ಮೋಸಗಾರರು ಯಾರೆಂದು ಹುಡುಕಿ, ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿಟ್ಟುಕೊಳ್ಳುವುದೇ ಅದರ ಕಸುಬಂತೆ. ನನ್ನ ಹೆಸರಿನ ಮುಂದೆ ಅಂಥ ಗುರುತು ಇತ್ತು.

ನನ್ನ ಹೆಸರು ಶರಣಬಸಮ್ಮ. ವಯಸ್ಸು ಮೂವತ್ತಾರು, ಓದಿದ್ದು ಪಿಯುಸಿ. ಗಂಡ ಯಮನೂರ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುತ್ತಾನೆ. ಎರಡು ತಿಂಗಳಿಗೊಮ್ಮೆ ಬಂದು ಮೂರು ದಿನ ನಿದ್ದೆ ಮಾಡಿ ಹೋಗುತ್ತಾನೆ. ಹಾಗಾಗಿ ಮದುವೆಯಾದ ಎರಡನೆಯ ವರ್ಷದಿಂದಲೂ ನಾನು ಇರುವುದು ತಳಕಲ್ಲಿನಲ್ಲಿ, ಅವ್ವನ ಮನೆಯಲ್ಲಿ. ಯಾರಿಗೆ ಮೋಸ ಮಾಡಿದ್ದೇನೆ ಎಂದು ಎರಡು ದಿನ ಕೂತು ಯೋಚಿಸಿದೆ. ಒಬ್ಬಿಬ್ಬರು ನೆನಪಾದರು. ಆದರೆ ಅವರ್ಯಾರೂ ಹೈದರಾಬಾದಿಗೆ ಹೋಗಿ ದೂರು ಕೊಡುವಷ್ಟು ಪುರುಸೊತ್ತು ಇದ್ದವರಲ್ಲ.

ನಿಜವಾಗಿ ನನಗೆ ಸಿಟ್ಟು ಬರಬೇಕಿತ್ತು. ನಾನು ಸಿಟ್ಟಿನ ಹೆಂಗಸು ಎಂದು ಊರಿಗೆಲ್ಲ ಗೊತ್ತು. ಆದರೆ ಫೆಬ್ರವರಿಯಲ್ಲಿ ಅವ್ವ ತೀರಿಕೊಂಡ ಮೇಲೆ ನನಗೆ ಏನೂ ಬರುತ್ತಿರಲಿಲ್ಲ. ಅಳು ಬರಲಿಲ್ಲ. ಹಸಿವೆ ಬರಲಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ. ಮಣ್ಣಿಗೆ ಬಂದ ಹೆಂಗಸರು ನನ್ನ ಒಣಗಿದ ಕಣ್ಣು ನೋಡಿ, ಗಟ್ಟಿ ಎದೆಯವಳು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾಲಿಗೆ ಮಾತ್ರ ಮೊದಲಿನಂತೆಯೇ ಇತ್ತು. ಅದು ಆಡುತ್ತಿತ್ತು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಆದರೂ ಆ ಕೆಲಸ ನನಗೆ ಬೇಕಿತ್ತು. ಅದು ನೆರಳಿನ ಕೆಲಸ. ಕುರ್ಚಿಯ ಮೇಲೆ ಕೂತು, ಒದ್ದೆ ಕಾಗದದ ಮೇಲೆ ಹರವಿದ ಬೀಜಗಳಲ್ಲಿ ಎಷ್ಟು ಮೊಳಕೆ ಬಂದವು, ಎಷ್ಟು ಬರಲಿಲ್ಲ ಎಂದು ಬರೆಯುವುದು. ತಿಂಗಳ ಪಗಾರ, ರವಿವಾರ ರಜೆ. ಅವ್ವ ಬದುಕಿದ್ದಾಗ ದಿನಕ್ಕೊಮ್ಮೆಯಾದರೂ, ನಾನಂತೂ ಬಿಸಿಲಾಗ ಸತ್ತೆ, ನೀ ನೆರಳಿಗೆ ಹೋಗು ಎಂದು ಹೇಳುತ್ತಿದ್ದಳು. ಅರ್ಜಿ ಹಾಕಿಸಿದ್ದೂ ಅವಳೇ. ಸಂದರ್ಶನದ ಕಾಗದ ಬಂದದ್ದು ಅವಳು ಹೋದ ಮೇಲೆ.

ಯಲಬುರ್ಗಿಯ ಬಸ್ ಸ್ಟ್ಯಾಂಡಿನ ಹಿಂದೆ ಶಿವಲೀಲಾ ಎಂಬಾಕೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾಳೆ. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ ಎಲ್ಲ ಅವಳ ಕೈಯಿಂದಲೇ ಹೋಗುತ್ತವೆ. ನಾನು ಹೋಗಿ ವಿಷಯ ಹೇಳಿದಾಗ ಅವಳು ಕನ್ನಡಕ ಮೇಲೇರಿಸಿ, ಈಗ ಕಾಯಿದೆ ಬಂದಿದೆ, ನಿನ್ನ ಬಗ್ಗೆ ಅವರ ಹತ್ತಿರ ಏನೇನಿದೆಯೋ ಅದನ್ನು ಕೊಡಿ ಎಂದು ನೀನೇ ಕೇಳಬಹುದು ಅಂದಳು. ಆ ಸಂಸ್ಥೆಯ ಜಾಲತಾಣದಲ್ಲಿ ಅದಕ್ಕೆಂದೇ ಒಂದು ಅರ್ಜಿ ಇತ್ತು. ನಾನು ನಾನೇ ಹೌದು ಎಂದು ತೋರಿಸಲು ಫೋಟೊ ಬೇಕು, ಗುರುತಿನ ಚೀಟಿ ಬೇಕು, ಹಿಂದಿನ ಮೂರು ವಿಳಾಸ ಬೇಕು, ಇದುವರೆಗೆ ಬಳಸಿದ ಫೋನ್ ನಂಬರುಗಳೆಲ್ಲ ಬೇಕು. ಅವರ ಹತ್ತಿರ ಇಲ್ಲದ್ದು ಏನಾದರೂ ಉಳಿದಿದ್ದರೆ ಅದನ್ನೂ ಕೊಟ್ಟ ಮೇಲೆ, ಇದ್ದದ್ದನ್ನು ತೋರಿಸುತ್ತಾರೆ ಅನ್ನು ಎಂದೆ. ಶಿವಲೀಲಾ ನಕ್ಕಳು. ಎಲ್ಲ ತುಂಬಿ ಕಳಿಸಿದೆವು. ಮೂವತ್ತು ದಿನ ಕಾಯಬೇಕು ಎಂದು ಉತ್ತರ ಬಂತು.

ಇಪ್ಪತ್ತಾರನೆಯ ದಿನ ಶಿವಲೀಲಾ ಫೋನ್ ಮಾಡಿ, ಬಂದೈತಿ, ಬಾ ಅಂದಳು. ಒಂಬತ್ತು ಪುಟ. ಅವಳು ಅದನ್ನೆಲ್ಲ ಮುದ್ರಿಸಿ ಪಿನ್ ಹೊಡೆದು ಇಟ್ಟಿದ್ದಳು. ಓದಿದ್ದಳೆಂದು ಅವಳ ಮುಖ ನೋಡಿಯೇ ಗೊತ್ತಾಯಿತು. ನನಗೆ ಚಹಾ ತರಿಸಿ, ತಾನು ಹೊರಗೆ ಹೋಗಿ ನಿಂತಳು.

ಮೊದಲ ಮೂರು ಪುಟ ನಾನೇ. ಕಾಗದದ ಮೇಲಿನ ನಾನು ಹುಲಿಹೈದರದವಳು. ಮದುವೆಯಾದ ಹೊಸದರಲ್ಲಿ ಗಂಡನ ಮನೆಯ ವಿಳಾಸಕ್ಕೆ ಮಾಡಿಸಿದ ಚೀಟಿ, ಆಮೇಲೆ ಬದಲಿಸಲು ಯಾರಿಗೆ ಪುರುಸೊತ್ತು. ಗಂಡನ ಹೆಸರು, ಜನ್ಮ ದಿನಾಂಕ, ಎಂದೋ ಬಿಟ್ಟ ಎರಡು ಫೋನ್ ನಂಬರು ಎಲ್ಲ ಇದ್ದವು. ನಾಲ್ಕನೆಯ ಪುಟದಲ್ಲಿ ಗುರುತು ಹಾಕಿದ ಕಾರಣ ಇತ್ತು. ಅರ್ಜಿದಾರಳ ಎಡಗೈ ತೋರುಬೆರಳು ಬೇರೊಬ್ಬ ವ್ಯಕ್ತಿಯ ಹೆಸರಿನಲ್ಲಿ ನೋಂದಣಿಯಾಗಿದೆ, ಸದರಿ ವ್ಯಕ್ತಿ ಮೃತಪಟ್ಟಿದ್ದಾರೆ, ಮೃತರ ಗುರುತನ್ನು ಬಳಸಿರುವ ಶಂಕೆ ಇದೆ. ಅದರ ಕೆಳಗೆ ಆ ಬೇರೊಬ್ಬ ವ್ಯಕ್ತಿಯ ಹೆಸರು: ದುರುಗವ್ವ, ಗಂಡ ಲಕ್ಷ್ಮಣಪ್ಪ, ವಾಸ ತಳಕಲ್.

ನಮ್ಮವ್ವ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೊಲಗಳಲ್ಲಿ ಬಿಳಿ ಬಲೆ ಕಟ್ಟಿದ ನೆಟ್‌ಹೌಸುಗಳಿವೆ. ಒಳಗೆ ಟೊಮ್ಯಾಟೊ, ಮೆಣಸಿನ ಗಿಡ. ಅವು ತಿನ್ನುವುದಕ್ಕಲ್ಲ, ಬೀಜಕ್ಕೆ. ಹೆಂಗಸರು ಸಂಜೆ ಮೊಗ್ಗು ಬಿಡಿಸಿ ಅದರೊಳಗಿನ ಗಂಡು ಭಾಗವನ್ನು ಚಿಮಟಿಯಿಂದ ಕಿತ್ತು, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗದ ಹುಡಿಯನ್ನು ಬೆರಳ ತುದಿಯಿಂದ ಆ ಹೂವಿಗೆ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ಅವ್ವ ಈ ಕೆಲಸ ಮಾಡಿದ್ದು ಹತ್ತೊಂಬತ್ತು ವರ್ಷ. ಟೊಮ್ಯಾಟೊ ಗಿಡದ ಜಿಗುಟು ಬೆರಳಿಗೆ ಹತ್ತಿದರೆ ಕರ್ರಗೆ ಕೂರುತ್ತದೆ. ಅದನ್ನು ತೆಗೆಯಲು ದಿನವೂ ಬೂದಿ, ಹುಣಸೆಹಣ್ಣು, ಕಲ್ಲು ಹಾಕಿ ತಿಕ್ಕಬೇಕು. ತಿಕ್ಕಿ ತಿಕ್ಕಿ ಅವ್ವನ ಬೆರಳಿನ ಗೆರೆಗಳು ಅಳಿಸಿಹೋಗಿದ್ದವು. ನಾನು ಅದೇ ನೆಟ್‌ಹೌಸಿನಲ್ಲಿ ಇದ್ದರೂ ಗಿಡಕ್ಕೆ ಚೀಟಿ ಕಟ್ಟುವುದು, ರಿಜಿಸ್ಟರ್ ಬರೆಯುವುದು ನನ್ನ ಪಾಲಿಗೆ. ನನ್ನ ಗೆರೆಗಳು ಗಟ್ಟಿಯಾಗಿದ್ದವು.

ಆರು ವರ್ಷದ ಹಿಂದೆ ನೆಟ್‌ಹೌಸ್ ನಡೆಸುವ ಕಂಪನಿಯವರು, ಕೊಪ್ಪಳದವರಲ್ಲ, ಬೇರೆಯವರು, ಬಾಗಿಲ ಹತ್ತಿರದ ಕಂಬಕ್ಕೆ ಹಾಜರಿಯ ಮಷಿನ್ ಜೋತುಹಾಕಿದರು. ಬೆರಳು ಒತ್ತಿದರೆ ಹಸಿರು ದೀಪ ಹತ್ತಿ, ಸಣ್ಣ ಪರದೆಯ ಮೇಲೆ ಒತ್ತಿದವರ ಫೋಟೊ, ಹೆಸರು ಮೂಡುತ್ತಿತ್ತು. ಅವ್ವನ ಹತ್ತೂ ಬೆರಳು ಒತ್ತಿಸಿದರು. ಮಷಿನ್ ಒಪ್ಪಲಿಲ್ಲ. ಅವ್ವನಂಥವರು ಇನ್ನೂ ಒಂಬತ್ತು ಮಂದಿ ಇದ್ದರು, ಎಲ್ಲರೂ ಕೆಲಸದಲ್ಲಿ ಪಳಗಿದವರು. ಅವರನ್ನು ಬಿಟ್ಟರೆ ನೆಟ್‌ಹೌಸ್ ನಡೆಯುವುದಿಲ್ಲ, ಮಷಿನ್ ಒಪ್ಪದೆ ಕೂಲಿ ಬರುವುದಿಲ್ಲ. ಕರಿಬಸಪ್ಪ ನಮ್ಮ ಸೂಪರ್‌ವೈಜರ್. ಅವನು ಅರ್ಧ ತಾಸು ತಲೆ ಕೆರೆದುಕೊಂಡು ಒಂದು ದಾರಿ ಹುಡುಕಿದ.

"ಬಲಗೈ ಬಟ್ಟು ನಿಂದು, ಎಡಗೈ ಬಟ್ಟು ನಿಮ್ಮವ್ವಂದು. ಮುಂಜಾನೆ ಎರಡೂ ಒತ್ತು, ಮುಗೀತು" ಅಂದ.

ಮಷಿನ್ನಿನ ಮುಂದೆ ಅವ್ವ ನಿಂತು ಫೋಟೊ ಹೊಡೆಸಿಕೊಂಡಳು, ಪಕ್ಕದಿಂದ ನಾನು ಎಡಗೈ ಚಾಚಿದೆ. ಉಳಿದವರಿಗೂ ಮಗಳೋ ಸೊಸೆಯೋ ಹೀಗೇ ಒಂದು ಕೈ ಕೊಟ್ಟರು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಲಿಲ್ಲ. ನೀರು ತರುವುದಕ್ಕೆ, ಕಟ್ಟಿಗೆಗೆ, ಮಗು ಎತ್ತಿಕೊಳ್ಳುವುದಕ್ಕೆ ಮನೆಯಲ್ಲಿ ಯಾರ ಕೈ ಬಿಡುವಾಗಿದೆಯೋ ಅದನ್ನು ಬಳಸುವ ಜನ ನಾವು. ಅವ್ವ ಪ್ರತಿದಿನವೂ ನಿಜವಾಗಿಯೇ ಕೆಲಸಕ್ಕೆ ಬರುತ್ತಿದ್ದಳು, ಎಲ್ಲರಿಗಿಂತ ಜಾಸ್ತಿ ಹೂವು ಮಾಡುತ್ತಿದ್ದಳು. ಬೆರಳು ಮಾತ್ರ ನನ್ನದಿತ್ತು.

ಐದನೆಯ ಪುಟದಿಂದ ಹಾಜರಿಯ ಪಟ್ಟಿ. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಸಣ್ಣ ಅಕ್ಷರದಲ್ಲಿ ಸಾಲುಸಾಲು. ಬರೀ ಕೊನೆಯ ಒಂದು ವರ್ಷದ್ದು. ಅವ್ವ ಬದುಕಿದ್ದಾಗ ಅವಳು ದಿನವೂ ಎಷ್ಟು ಗಂಟೆಗೆ ಬರುತ್ತಾಳೆ, ಹೋಗುತ್ತಾಳೆ ಎಂದು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಇವರು ಬರೆದಿಟ್ಟಿದ್ದರು. ಆರು ಹನ್ನೆರಡು. ಆರು ಹತ್ತು. ಆರು ಹದಿನೈದು, ಅವತ್ತು ಮಂಜು ಬಿದ್ದಿತ್ತು. ಫೆಬ್ರವರಿ ಮೂರರ ಸಾಲಿನಲ್ಲಿ ಬಂದ ಹೊತ್ತು ಇತ್ತು, ಹೋದ ಹೊತ್ತು ಇರಲಿಲ್ಲ. ಅವತ್ತು ಮಧ್ಯಾಹ್ನ ಅವಳು ಸಾಲಿನ ನಡುವೆ ಬಾಯಿ ಸೊಟ್ಟಗಾಗಿ ಕುಸಿದಿದ್ದಳು. ಕೊಪ್ಪಳದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಆರನೆಯ ತಾರೀಖು ಹೋದಳು.

ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಫೆಬ್ರವರಿ ಒಂಬತ್ತರಿಂದ ಹತ್ತೊಂಬತ್ತರವರೆಗೆ ಇನ್ನೂ ಹನ್ನೊಂದು ಸಾಲು ಇದ್ದವು. ಆ ಹನ್ನೊಂದಕ್ಕೂ ಕೆಂಪು ಬಣ್ಣ ಹಚ್ಚಿದ್ದರು. ಸತ್ತ ಮೇಲೂ ನಮ್ಮವ್ವ ಹನ್ನೊಂದು ದಿನ ಕೆಲಸಕ್ಕೆ ಬಂದಿದ್ದಳು.

ಮೂರನೆಯ ದಿನದ ಹಾಲು ತುಪ್ಪ ಮುಗಿಸಿ ಮರುದಿನವೇ ನಾನು ನೆಟ್‌ಹೌಸಿಗೆ ಹೋಗಿದ್ದೆ. ಹೂವುಗಳಿಗೆ ಸೂತಕ ಗೊತ್ತಿಲ್ಲ, ಹಂಗಾಮಿನಲ್ಲಿ ಒಂದು ದಿನ ತಪ್ಪಿದರೂ ಗಿಡ ಹಾಳು. ಬಾಗಿಲಲ್ಲಿ ನಿಂತು ಬಲಗೈ ಒತ್ತಿದೆ. ಆಮೇಲೆ ಎಡಗೈ ತಾನಾಗಿಯೇ ಹೋಗಿ ಒತ್ತಿತು, ಆರು ವರ್ಷದ ರೂಢಿ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಅವ್ವ ಬಂದಳು. ತಲೆಯ ಮೇಲೆ ಸೆರಗು, ಫೋಟೊ ಹೊಡೆಯುವವನನ್ನು ನಂಬದ ಮುಖ. ಎರಡು ಸೆಕೆಂಡು ಇದ್ದು ಹೋದಳು.

ರೂಢಿ ಅಂದೆನಲ್ಲ, ಅದು ಮೊದಲನೆಯ ದಿನದ ಮಟ್ಟಿಗೆ ನಿಜ. ಎರಡನೆಯ ದಿನ ನನಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ. ಅವಳ ಹೆಸರಿಗೆ ಬಿದ್ದ ಆ ದಿನಗಳ ಕೂಲಿ, ಕಂಪನಿಯವರು ದುಡ್ಡು ಜಮಾ ಮಾಡುವ ಅವಳ ಕಾರ್ಡಿನಲ್ಲೇ ಇದೆ, ಯಾರೂ ತೆಗೆದಿಲ್ಲ. ಅದು ನನ್ನ ತಲೆಗೂ ಬಂದಿರಲಿಲ್ಲ. ನನಗೆ ಆ ಎರಡು ಸೆಕೆಂಡು ಬೇಕಿತ್ತು. ಮುಂಜಾನೆ ಎದ್ದು ಮುಖ ತೊಳೆದು, ಬುತ್ತಿ ಕಟ್ಟಿ, ಒಂದೂವರೆ ಕಿಲೋಮೀಟರ್ ನಡೆದು ಹೋಗಲು ಬೇರೆ ಕಾರಣವೇ ಇರಲಿಲ್ಲ. ಇಪ್ಪತ್ತನೆಯ ತಾರೀಖು ಒತ್ತಿದಾಗ ಕೆಂಪು ದೀಪ ಹತ್ತಿತು. ಕರಿಬಸಪ್ಪ ಮರಣ ಪತ್ರ ಕಳಿಸಿ ಅವಳ ಹೆಸರು ತೆಗೆಸಿದ್ದ. ನಾನು ಇನ್ನೊಮ್ಮೆ ಒತ್ತಿ ನೋಡಿದೆ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ನಡಿಯವ್ವ ಅಂದರು, ಒಳಗೆ ಹೋದೆ.

ಇಷ್ಟೇ ಆಗಿದ್ದು. ಕೊಪ್ಪಳದ ಕಂಪನಿಯವರು ಕೆಲಸಕ್ಕೆಂದು ನನ್ನ ಹತ್ತೂ ಬೆರಳು ತೆಗೆದುಕೊಂಡರು. ನೆಟ್‌ಹೌಸಿನ ಹಾಜರಿಯೂ ಹೈದರಾಬಾದಿಗೇ ಹೋಗುತ್ತಿತ್ತಂತೆ; ಆ ಹತ್ತರಲ್ಲಿ ಒಂದು ಸತ್ತ ಹೆಂಗಸಿನದು ಎಂದು ಅಲ್ಲಿನ ಕಂಪ್ಯೂಟರ್ ಹೇಳಿತು.

ಒಂಬತ್ತನೆಯ ಪುಟ ನಾನು ತುಂಬಿ ಕಳಿಸಬೇಕಾದ ಹೇಳಿಕೆ. ಎರಡು ಚೌಕ ಇದ್ದವು, ಒಂದಕ್ಕೆ ಸರಿ ಗುರುತು ಹಾಕಬೇಕು. ಮೊದಲನೆಯದು: ಸದರಿ ಬೆರಳಚ್ಚನ್ನು ನಾನು ಗೊತ್ತಿದ್ದು ಕೊಟ್ಟಿದ್ದೇನೆ. ಎರಡನೆಯದು: ಸದರಿ ವ್ಯಕ್ತಿ ನನಗೆ ಸಂಬಂಧಪಟ್ಟವರಲ್ಲ, ನನ್ನ ಬೆರಳಚ್ಚು ನನ್ನ ಅರಿವಿಲ್ಲದೆ ಅವರ ಹೆಸರಿನಲ್ಲಿ ಬಳಕೆಯಾಗಿದೆ. ಶಿವಲೀಲಾ ಒಳಗೆ ಬಂದು ಅದರ ಕೆಳಗಿನ ಸಣ್ಣ ಅಕ್ಷರ ಓದಿ ಹೇಳಿದಳು. ಮೊದಲನೆಯದಕ್ಕೆ ಹಾಕಿದರೆ ಗುರುತು ಏಳು ವರ್ಷ ಉಳಿಯುತ್ತದೆ, ಜೊತೆಗೆ ನೆಟ್‌ಹೌಸ್ ನಡೆಸುವ ಕಂಪನಿಗೆ ತನಿಖೆ ಮಾಡಲು ಬರೆಯುತ್ತಾರೆ. ಎರಡನೆಯದಕ್ಕೆ ಹಾಕಿದರೆ ನನ್ನ ಗುರುತು ತೆಗೆದು ಆ ವ್ಯಕ್ತಿಯ ಹೆಸರಿಗೆ ಹಾಕುತ್ತಾರೆ. ಅವರ ಕಡೆಯಿಂದ ಒಂದು ಫೋನ್ ಬರುತ್ತದೆ, ಹೇಳಿಕೆ ಖಚಿತ ಮಾಡಿಕೊಳ್ಳಲು. ಆಮೇಲೆ ಮುಗಿಯಿತು, ತನಿಖೆಯೂ ಇಲ್ಲ.

ಮೂರನೆಯ ಚೌಕ ಇಲ್ಲವೇ ಎಂದು ಕೇಳಿದೆ. ಇಲ್ಲ, ಹಿಂದೆಮುಂದೆ ತಿರುಗಿಸಿ ನೋಡಿದ್ದೇನೆ ಅಂದಳು.

ಮನೆಗೆ ಬಂದು ಯಮನೂರನಿಗೆ ಫೋನ್ ಮಾಡಿದೆ. ಹಿಂದೆ ಬೋರ್‌ವೆಲ್ ಯಂತ್ರದ ಸದ್ದು, ಅರ್ಧ ಅವನಿಗೆ ಕೇಳಿಸಲಿಲ್ಲ. ನಿನಗೆ ಯಾವುದು ಸರಿ ಅನಿಸುತ್ತದೋ ಅದನ್ನು ಮಾಡು ಅಂದ. ಗಂಡಸರು ಇದನ್ನು ಉಪಕಾರ ಮಾಡಿದಂತೆ ಹೇಳುತ್ತಾರೆ.

ಮರುದಿನ ಸಂಜೆ ಕರಿಬಸಪ್ಪ ಮನೆಗೆ ಬಂದ. ಶಿವಲೀಲಾ ಅವನಿಗೆ ದೂರದ ಸಂಬಂಧ, ಸುದ್ದಿ ಮುಟ್ಟಿಸಿದ್ದಳು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಅವ್ವನ ಗುಣಗಾನ ಮಾಡಿದ. ಅಂಥ ಕೈ ಈ ಸೀಮೆಯಲ್ಲಿಲ್ಲ, ಅವಳು ಮುಟ್ಟಿದ ಹೂವು ಕಾಯಿ ಕಚ್ಚದೆ ಇದ್ದದ್ದು ನೋಡಿಲ್ಲ ಅಂದ. ಅದು ಸುಳ್ಳಲ್ಲ. ನಾನು ವಿಷಯಕ್ಕೆ ಬರ್ರಿ ಅಂದೆ.

"ನೀ ಖರೇ ಬರದ್ರ ನೀ ಒಬ್ಬಾಕಿ ಹೋಗಂಗಿಲ್ಲ, ಬಸಮ್ಮ" ಅಂದ. "ನಾ ಹೋಗ್ತೀನಿ, ಹೋಗ್ಲಿ, ಅದು ನಾ ಮಾಡಿದ್ದು. ಅನ್ನಮ್ಮ ಅದಾಳ, ವಿರೂಪಾಕ್ಷಮ್ಮ ಅದಾಳ, ಇನ್ನೂ ಏಳು ಮಂದಿ ಅದಾರ. ಅವರೆಲ್ಲ ಸೊಸಿ ಬಟ್ಟಿನ ಮ್ಯಾಲೆ ಬದುಕ್ಯಾರ. ತನಿಖಿ ಬಂತಂದ್ರ ಮರುದಿನ ಒಬ್ಬರಿಗೂ ಕೆಲಸ ಇರಂಗಿಲ್ಲ."

ಅವನು ಖಾಲಿ ಚಂಬು ಕೆಳಗಿಟ್ಟ.

"ದುರುಗವ್ವಗ ಈಗ ಯಾವ ಕೆಲಸ ತಪ್ಪಬೇಕಾಗೈತಿ? ಯಾರು ಆಕಿನ್ನ ಹಿಡಕೊಂಡು ಹೋಗ್ತಾರ? ಕಾಗದದ ಮ್ಯಾಲೆ ಒಂದು ಗುರುತು. ಸತ್ತವರಿಗೆ ಅದೇನು ಭಾರ."

ಆ ಹನ್ನೊಂದು ದಿನದ ಬಗ್ಗೆ ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು. ಹಾಜರಿಯ ಪಟ್ಟಿ ದಿನ ಸಂಜೆ ಅವನ ಫೋನಿಗೇ ಹೋಗುತ್ತದೆ. ನೋಡಿಯೂ ಹನ್ನೊಂದು ದಿನ ಸುಮ್ಮನಿದ್ದ ಮನುಷ್ಯ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಕೈ ಮುಗಿಯಬೇಕೋ ತಿಳಿಯದೆ ಇನ್ನೊಂದು ಚಂಬು ನೀರು ತಂದುಕೊಟ್ಟೆ.

ಎರಡು ದಿನ ಕೆಲಸಕ್ಕೆ ಹೋದೆ. ಅನ್ನಮ್ಮನನ್ನು ನೋಡಿದೆ. ಅವ್ವನ ವಾರಿಗೆಯವಳು, ಅವ್ವನ ಪಕ್ಕದ ಸಾಲಿನಲ್ಲೇ ಇಷ್ಟು ವರ್ಷ ಕೂತವಳು. ಈಗ ಅವ್ವನ ಸಾಲನ್ನೂ ಅವಳೇ ಮಾಡುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳಿಗೆ ಎಲ್ಲ ಹೇಳಿದೆ, ಎರಡು ಚೌಕಗಳನ್ನೂ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ತನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ನಿಮ್ಮವ್ವ ಇದ್ದಿದ್ರ ಏನಂತಿದ್ಲು, ಹೇಳು" ಅಂದಳು. "ನೆರಳಿಗೆ ಹೋಗು ಅಂತಿದ್ಲು. ಮತ್ತ ಹೋಗು."

ಅವ್ವ ಹಾಗೇ ಅನ್ನುತ್ತಿದ್ದಳು, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಗುರುತು ನನ್ನ ಹೆಸರಿಗೇ ಹಾಕ್ಸು, ಕುಂಕುಮ ಹಚ್ಚಿಸಿಕೊಂಡಂಗ ಹಚ್ಚಿಸಿಕೊಂತೀನಿ ಎಂದು ನಗುತ್ತಿದ್ದಳು. ಆದರೆ ಹಾಗೆ ಹೇಳಲು ಅವಳಿರಬೇಕಿತ್ತು. ಅವಳೇ ಹೇಳುವುದು ಬೇರೆ, ಅವಳು ಹೀಗೆ ಹೇಳುತ್ತಿದ್ದಳು ಎಂದು ನಾವು ಕೂತು ತೀರ್ಮಾನಿಸುವುದು ಬೇರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಶನಿವಾರ ಯಲಬುರ್ಗಿಗೆ ಹೋಗಿ ಎರಡನೆಯ ಚೌಕಕ್ಕೆ ಸರಿ ಹಾಕಿ ಕೆಳಗೆ ಸಹಿ ಮಾಡಿದೆ. ಶಿವಲೀಲಾ ದುಡ್ಡು ಬೇಡ ಅಂದಳು, ನಾನು ಮೇಜಿನ ಮೇಲಿಟ್ಟು ಬಂದೆ.

ಕಾಗದದ ಮೇಲೆ ಅದು ಎಷ್ಟು ಸುಲಭವಾಗಿ ಹೊಂದಿತು ಎಂದರೆ ನನಗೇ ಆಶ್ಚರ್ಯವಾಯಿತು. ನಾನು ಹುಲಿಹೈದರದ ಯಮನೂರನ ಹೆಂಡತಿ. ಅವಳು ತಳಕಲ್ಲಿನ ಲಕ್ಷ್ಮಣಪ್ಪನ ಹೆಂಡತಿ. ನಮ್ಮಿಬ್ಬರನ್ನೂ ಗಂಡಂದಿರ ಹೆಸರಿನ ಕೆಳಗೆ ಬರೆದಿದ್ದರು. ಅವಳು ನನ್ನನ್ನು ಹೆತ್ತಿದ್ದಾಳೆ ಎಂದು ಅವರ ಒಂಬತ್ತು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಸುಳ್ಳು ಹೇಳಲು ನಾನು ಏನನ್ನೂ ಹೊಡೆದುಹಾಕಬೇಕಾಗಲಿಲ್ಲ.

ಫೋನ್ ಬಂದದ್ದು ಅಕ್ಟೋಬರ್ ಹನ್ನೊಂದರಂದು, ಬೆಳಗ್ಗೆ ಹತ್ತರ ಸುಮಾರಿಗೆ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆ ಕಡೆಯ ಹೆಣ್ಣು ಪುಸ್ತಕದ ಕನ್ನಡ ಮಾತಾಡುತ್ತಿದ್ದಳು, ದನಿ ಮೆತ್ತಗಿತ್ತು. ಈ ಕರೆ ಧ್ವನಿಮುದ್ರಣವಾಗುತ್ತದೆ, ಒಪ್ಪಿಗೆ ಇದೆಯೇ ಎಂದು ಕೇಳಿದಳು. ಇದೆ ಅಂದೆ. ಹೆಸರು, ಜನ್ಮ ದಿನಾಂಕ, ಗಂಡನ ಹೆಸರು ಕೇಳಿದಳು. ಹೇಳಿದೆ. ಕೈಯಲ್ಲಿನ ಸಾಬೂನಿನ ನೊರೆ ಫೋನಿಗೆ ಹತ್ತುತ್ತಿತ್ತು, ಸೀರೆಗೆ ಒರೆಸಿಕೊಂಡೆ.

"ದುರುಗವ್ವ ಎಂಬುವರು ನಿಮಗೆ ಏನಾಗಬೇಕು?" ಅಂದಳು.

ಸಹಿ ಹಾಕುವಾಗ ಇದು ಇಷ್ಟು ದೊಡ್ಡದು ಅನಿಸಿರಲಿಲ್ಲ. ಬಾಯಿಂದ ಆಡಬೇಕು ಅಂದಾಗ, ಕಲ್ಲಿನ ಮೇಲಿದ್ದ ಬಟ್ಟೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿದೆ. ಮೇಡಂ, ಕೇಳಿಸುತ್ತಿದೆಯೇ ಅಂದಳು.

"ಏನೂ ಆಗಬೇಕಿಲ್ರಿ" ಅಂದೆ.

"ಅವರ ಪರಿಚಯ?"

"ಇಲ್ರಿ."

"ಅವರು ಮೃತಪಟ್ಟ ನಂತರ ಹನ್ನೊಂದು ದಿನ ಅವರ ಹೆಸರಿನಲ್ಲಿ ಹಾಜರಿ ಹಾಕಿದ್ದು ಯಾರೆಂದು ನಿಮಗೆ ತಿಳಿದಿದೆಯೇ?"

"ಗೊತ್ತಿಲ್ರಿ."

ಅವಳು ಏನೋ ಬರೆದುಕೊಂಡಳು, ಕೀಲಿಗಳ ಸದ್ದು ಕೇಳಿಸಿತು. ನಿಮ್ಮ ಹೆಸರಿನ ಗುರುತನ್ನು ಇವತ್ತೇ ತೆಗೆಯಲಾಗುವುದು, ಕಂಪನಿಯವರಿಗೆ ಸಂಜೆಯೊಳಗೆ ತಿಳಿಸುತ್ತೇವೆ, ಆದ ತೊಂದರೆಗೆ ಕ್ಷಮೆ ಇರಲಿ ಅಂದಳು. ಇನ್ನೇನಾದರೂ ಕೇಳುವುದಿದೆಯೇ ಅಂದಳು. ಅವರು ಎಲ್ಲರಿಗೂ ಕೇಳುವ ಮಾತು ಅದು. ಇಲ್ಲ ಎಂದು ಇಟ್ಟುಬಿಡಬೇಕಿತ್ತು.

ಆ ಹೆಣ್ಣುಮಗಳ ಹೆಸರಿನ ಮುಂದಿನ ಗುರುತು ಎಷ್ಟು ವರ್ಷ ಇರುತ್ತದೆ ಎಂದು ಕೇಳಿದೆ. ಆ ಹೆಣ್ಣುಮಗಳು ಅಂದೆ, ಹಾಗೇ ಅಂದೆ.

ಅವಳು ನೋಡಿ ಹೇಳಿದಳು. ಮೃತರದ್ದಕ್ಕೆ ಇಷ್ಟೇ ವರ್ಷ ಎಂದು ಇಲ್ಲ, ಇದ್ದೇ ಇರುತ್ತದೆ. ತೆಗೆಸಬೇಕೆಂದರೆ ಅವರೇ ಅರ್ಜಿ ಕೊಡಬೇಕು, ಅವರಿಲ್ಲದಿದ್ದರೆ ಅವರ ಮಕ್ಕಳು ಕೊಡಬಹುದು.

"ಆದರೆ ನಮ್ಮ ದಾಖಲೆಯ ಪ್ರಕಾರ ಇವರಿಗೆ ಮಕ್ಕಳಿಲ್ಲ, ಮೇಡಂ" ಅಂದಳು.

"ಇಲ್ಲೇನ್ರಿ?"

"ಇಲ್ಲ."

ಎಂಟು ತಿಂಗಳಿಂದ ಬಾರದಿದ್ದ ಅಳು ಆಗ ಬಂತು. ಒಗೆಯುವ ಕಲ್ಲಿನ ಪಕ್ಕದಲ್ಲಿ ಕೂತುಬಿಟ್ಟೆ. ಆ ಕಡೆಯವಳು ಈ ಕರೆಯನ್ನೂ ನಿಮ್ಮ ಮಾಹಿತಿಯ ಜೊತೆಗೆ ಇಟ್ಟಿರುತ್ತೇವೆ, ಪ್ರತಿ ಬೇಕಾದರೆ ಯಾವಾಗ ಬೇಕಾದರೂ ಕೇಳಬಹುದು ಎಂದು ಹೇಳುತ್ತಿದ್ದಳು. ಅಳು ಅದರಲ್ಲಿ ಸೇರಬಾರದೆಂದು, ಅವಳ ಮಾತು ಮುಗಿಯುವವರೆಗೂ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದೆ.